ನಾನೊಬ್ಬಳೇ ಎಬ್ಬಿಸಬಲ್ಲ ದೋಣಿ

ತೂಕದ ಯಂತ್ರದ ಮುಳ್ಳು ನಲವತ್ತೆಂಟಕ್ಕೆ ಒಂದು ಗೆರೆ ಕಡಿಮೆ ನಿಂತಿತು. ಚಪ್ಪಲಿ ಹಾಕಿಕೊಂಡೇ ನಿಂತಿದ್ದೆ. ಹೆಗಲಲ್ಲಿ ಬ್ಯಾಗ್ ಇದ್ದಿದ್ದರೆ ಐವತ್ತು ದಾಟುತ್ತಿತ್ತು. ಆದರೆ ಅದು ನನಗೆ ನಾನೇ ಮಾಡಿಕೊಳ್ಳುವ ಮೋಸ, ಆದ್ದರಿಂದ ಅದನ್ನು ನೆಲದ ಮೇಲಿಟ್ಟಿದ್ದೆ. ಅದು ಸೇಡಂನ ಒಂದು ಬೇಳೆ ಮಿಲ್ಲಿನಲ್ಲಿ ತೊಗರಿ ಚೀಲ ತೂಗುವ ಯಂತ್ರ. ಪಕ್ಕದಲ್ಲಿ ನಿಂತಿದ್ದ ಹಮಾಲ ಮುಳ್ಳನ್ನು ನನಗಿಂತ ಮೊದಲೇ ಓದಿದ.

"ಐವತ್ತರ ಚೀಲಾನೇ ನಿಮಗಿಂತ ಎರಡು ಕಿಲೋ ಜಾಸ್ತಿ ಅದ ನೋಡ್ರಿ ಮೇಡಮ್," ಅಂದ. "ಮನ್ಯಾಗ ಉಣ್ಣಲಿಕ್ಕೆ ಹಾಕ್ತಾರೋ ಇಲ್ಲೋ?"

ಆ ಬೆಳಿಗ್ಗೆ ನಾನು ಸೇಡಂನಲ್ಲಿ ಇರಬೇಕಾದವಳೇ ಅಲ್ಲ. ನಮ್ಮ ಮನೆ ಶಹಾಬಾದಿನಲ್ಲಿ. ದಿನಾಲೂ ರೈಲು ಹಿಡಿದು, ವಾಡಿಯಲ್ಲಿ ಬದಲಿಸಿ, ಚಿತ್ತಾಪುರ ದಾಟಿ, ಮಳಖೇಡದಲ್ಲಿ ಇಳಿಯುತ್ತೇನೆ. ಅಲ್ಲಿನ ಒಂದು ಸಿಮೆಂಟ್ ಕಾರ್ಖಾನೆಯ ಪ್ರಯೋಗಾಲಯದಲ್ಲಿ ನನ್ನ ಕೆಲಸ. ಆ ದಿನ ವಾಡಿ ಬಿಟ್ಟ ಮೇಲೆ ಫೋನಿಗೆ ಎರಡು ಫೋಟೋ ಬಂದವು. ಅವನ್ನು ಹಿಗ್ಗಿಸಿ, ಕುಗ್ಗಿಸಿ, ಮತ್ತೆ ಹಿಗ್ಗಿಸಿ ನೋಡುವುದರಲ್ಲಿ ಮಳಖೇಡ ಹಿಂದೆ ಹೋಗಿಬಿಟ್ಟಿತು. ನಾಲ್ಕು ವರ್ಷದಲ್ಲಿ ಮೊದಲ ಸಲ ಹಾಗಾದದ್ದು. ಸೇಡಂನಲ್ಲಿ ಇಳಿದು, ಕೆಲಸಕ್ಕೆ ತಡವಾಗುತ್ತದೆಂದು ಫೋನ್ ಮಾಡಿ, ಬಸ್ ನಿಲ್ದಾಣಕ್ಕೆ ನಡೆಯುವ ದಾರಿಯಲ್ಲಿ ಮಿಲ್ಲಿನ ತೂಕದ ಯಂತ್ರ ಕಂಡಿತು. ನನಗೆ ನನ್ನ ತೂಕ ತುರ್ತಾಗಿ ಬೇಕಾಗಿತ್ತು.

ಫೋಟೋದಲ್ಲಿದ್ದವು ಎರಡು ಕ್ಯಾಟಮರಾನ್ ದೋಣಿಗಳು. ತೆಳ್ಳಗಿನ ಎರಡು ದೋಣಿಗಳನ್ನು ಪಕ್ಕಪಕ್ಕ ಇಟ್ಟು, ಅಡ್ಡ ಕೊಳವೆಗಳಿಂದ ಜೋಡಿಸಿ, ನಡುವೆ ಕೂಡಲು ಬಲೆಬಟ್ಟೆ ಬಿಗಿದಿರುತ್ತಾರೆ. ಒಂದು ಕಂಬ, ಒಂದು ಹಾಯಿ, ಹಿಂದೆ ಚುಕ್ಕಾಣಿ. ಎಂಜಿನ್ ಇಲ್ಲ. ಸಮುದ್ರದ ಮರಳಿನಿಂದಲೇ ನೀರಿಗೆ ತಳ್ಳಿಕೊಂಡು ಹೋಗಲೆಂದು ಮಾಡಿದ್ದು. ನಮ್ಮ ಕಡೆ ಸಮುದ್ರ ಇಲ್ಲ, ಆದರೆ ಚಿಂಚೋಳಿ ಕಡೆ ಜಲಾಶಯ ಇದೆ. ಅದರ ದಂಡೆಯಲ್ಲಿ ಚಂದಾಪುರದ ಹಿರಿಯರೊಬ್ಬರು ಹತ್ತು ವರ್ಷ ಪ್ರವಾಸಿಗರಿಗಾಗಿ ದೋಣಿ ಇಟ್ಟಿದ್ದರು. ಮೊಣಕಾಲು ನೋವಿನಿಂದ ಈಗ ನಿಲ್ಲಿಸುತ್ತಿದ್ದರು. ಎರಡರಲ್ಲಿ ಒಂದು ನನಗೆ ಎಂದಿದ್ದರು. ಉಳಿದದ್ದನ್ನು ಸೋಮವಾರ ಹೈದರಾಬಾದಿನವರು ಬಂದು ಒಯ್ಯುವರು. ಯಾವುದು ಎಂದು ನಾನು ಭಾನುವಾರದೊಳಗೆ ಹೇಳಬೇಕಿತ್ತು. ಬೆಲೆಯಲ್ಲಿ ಹೆಚ್ಚು ವ್ಯತ್ಯಾಸವಿರಲಿಲ್ಲ. ಒಂದು ಹದಿನಾರು ಅಡಿಯದು, ಇನ್ನೊಂದು ಹದಿನಾಲ್ಕು ಅಡಿಯದು. ವ್ಯತ್ಯಾಸ ಅಷ್ಟೇ ಅನ್ನಿಸುತ್ತದೆ. ಅಷ್ಟೇ ಅಲ್ಲ.

ಹೈದರಾಬಾದಿನಲ್ಲಿ ಎಂ.ಎಸ್ಸಿ. ಓದುವಾಗ ಎರಡು ವರ್ಷ, ರಜೆಯ ದಿನಗಳಲ್ಲಿ, ಕೆರೆಯಲ್ಲಿ ಹಾಯಿದೋಣಿ ನಡೆಸಲು ಕಲಿತೆ. ಹಾಸ್ಟೆಲಿನ ಕೋಣೆಯಲ್ಲಿದ್ದವರಿಗೂ ಹೇಳಿರಲಿಲ್ಲ. ಕಲಿಸಿದವರು ಒಂದು ನಿಯಮ ಹೇಳಿದ್ದರು: ಮಗುಚಿದ ದೋಣಿಯನ್ನು ಒಬ್ಬಳೇ ಎಬ್ಬಿಸಲು ಬಂದರೆ ಮಾತ್ರ ಒಬ್ಬಳೇ ನೀರಿಗೆ ಹೋಗು. ಈ ಜಾತಿಯ ದೋಣಿ ಗಾಳಿ ಜಾಸ್ತಿಯಾದರೆ ಒಂದು ಪಕ್ಕಕ್ಕೆ ಬೀಳುತ್ತದೆ. ಅದರಲ್ಲಿ ನಾಚಿಕೆ ಏನಿಲ್ಲ. ಬಿದ್ದಾಗ ಜೋಡಿಯಲ್ಲಿ ಕೆಳಗಾದ ದೋಣಿಯ ಮೇಲೆ ನಿಂತು, ಮೇಲಿನದಕ್ಕೆ ಕಟ್ಟಿದ ಹಗ್ಗ ಹಿಡಿದು, ಬೆನ್ನನ್ನು ನೀರಿನ ಕಡೆ ಚೆಲ್ಲಿ ಜೋತುಬೀಳಬೇಕು. ಕೈಯ ಬಲ ಅಲ್ಲ, ಮೈಯ ತೂಕ ಕೆಲಸ ಮಾಡುತ್ತದೆ. ಹದಿನಾಲ್ಕು ಅಡಿಯದನ್ನು ಎಬ್ಬಿಸಲು ಅರವತ್ತರ ಹತ್ತಿರ ತೂಕ ಬೇಕು ಎಂದು ಚಂದಾಪುರದ ಹಿರಿಯರು ಫೋನಿನಲ್ಲಿ ಅಂದಾಜು ಹೇಳಿದ್ದರು. ಹದಿನಾರರದಕ್ಕೆ ಇನ್ನೂ ಬಹಳ.

ನನಗೆ ಒಬ್ಬಳೇ ಹೋಗುವುದು ಬೇಕಿತ್ತು. ಇದನ್ನು ಇಲ್ಲಿ ನೇರವಾಗಿ ಬರೆಯುತ್ತೇನೆ, ಏಕೆಂದರೆ ಮನೆಯಲ್ಲಿ ನೇರವಾಗಿ ಹೇಳಲು ಆಗಲಿಲ್ಲ. ನಮ್ಮ ಮನೆಯಲ್ಲಿ ಒಂಬತ್ತು ಮಂದಿ. ರೈಲಿನಲ್ಲಿ ಭುಜಕ್ಕೆ ಭುಜ, ಪ್ರಯೋಗಾಲಯದಲ್ಲಿ ಮೂರು ಜನರಿಗೆ ಒಂದು ಮೇಜು. ಯಾರ ಮೇಲೂ ನನಗೆ ಬೇಸರವಿಲ್ಲ. ಆದರೂ ವಾರಕ್ಕೊಮ್ಮೆ ಒಂದು ಗಂಟೆ, ಸುತ್ತ ನೀರು ಬಿಟ್ಟು ಬೇರೇನೂ ಇಲ್ಲದ ಕಡೆ ಕೂಡಬೇಕೆಂಬ ಆಸೆ ಹೈದರಾಬಾದಿನಿಂದ ನನ್ನ ಜೊತೆಯೇ ಬಂದಿತ್ತು. ಅದರ ಜೊತೆಗೆ ಇನ್ನೊಂದು ಆಸೆ: ಅವ್ವನನ್ನೂ ಒಂದು ಸಲ ಕರೆದೊಯ್ಯಬೇಕು. ಅವ್ವ ಹುಟ್ಟಿದಾಗಿನಿಂದ ಪಾದ ಮುಳುಗುವಷ್ಟು ನೀರು ದಾಟಿ ಮುಂದೆ ಹೋದವಳಲ್ಲ. ಒಂದೇ ದೋಣಿ ಈ ಎರಡನ್ನೂ ಮಾಡಬೇಕಿತ್ತು.

ಆ ರಾತ್ರಿ ಊಟದ ಹೊತ್ತಿಗೆ, "ಶನಿವಾರ ಟೆಂಪೊ ಬೇಕಾಗಿತ್ತು ಅಪ್ಪಾ," ಅಂದೆ. ಅಪ್ಪನದು ನೆಲಕ್ಕೆ ಹಾಸುವ ಫರಸಿ ಕಲ್ಲು ಕೊಯ್ದು ಪಾಲಿಶ್ ಮಾಡುವ ಸಣ್ಣ ಅಂಗಳ. ಟೆಂಪೊ ಫರಸಿ ಸಾಗಿಸಲು ಇರುವುದು. ಯಾಕೆ ಎಂದು ಕೇಳಿದ. ಹೇಳಿದೆ. ಫೋಟೋ ತೋರಿಸಿದೆ. ಫೋನು ಎಲ್ಲರ ಕೈ ತಿರುಗಿ ಚಟ್ನಿ ಹಿಂಡಿಯ ಎಣ್ಣೆ ಮೆತ್ತಿಕೊಂಡು ನನ್ನ ಬಳಿ ಬಂತು.

"ಒಬ್ಬಾಕಿ ಹೋಗಿ ಆರಿಸ್ತೀ?" ಅಂದ ಅಪ್ಪ. ಸಿಟ್ಟಿನಿಂದಲ್ಲ, ನಿಜವಾದ ಆಶ್ಚರ್ಯದಿಂದ. ನಮ್ಮ ಮನೆಯಲ್ಲಿ ಯಾರೂ ಒಬ್ಬರೇ ಏನನ್ನೂ ಆರಿಸುವುದಿಲ್ಲ. ನನ್ನ ಕಾಲೇಜಿನ ಚಪ್ಪಲಿ ಕೊಳ್ಳಲು ಐದು ಮಂದಿ ಹೋಗಿದ್ದೆವು. ಹಾಗಾಗಿ ಶನಿವಾರ ಬೆಳಿಗ್ಗೆ ಟೆಂಪೊ ಹೊರಟಾಗ ಮುಂದೆ ಅಪ್ಪ, ಅವ್ವ, ನಾನು. ಹಿಂದೆ ರೊಟ್ಟಿ ಗಂಟು, ಹಗ್ಗ, ಮಳೆಗೆ ಹೊದಿಸುವ ತಾಡಪತ್ರಿ, ಮತ್ತು ಅಂಚಿನ ಮೇಲೆ ನಿಲ್ಲಿಸಿ ನಡುವೆ ಹುಲ್ಲು ತುಂಬಿದ ಹನ್ನೆರಡು ಫರಸಿ. ಫರಸಿ ಯಾಕೆ ಎಂದು ಕೇಳಿದ್ದಕ್ಕೆ ಅಪ್ಪ, "ಬೇಕಾಗ್ತಾವ," ಎಂದಷ್ಟೇ ಹೇಳಿದ. ದಾರಿಯಲ್ಲಿ ಕೊಡ್ಲಿಯಲ್ಲಿ ಅತ್ತಿಯನ್ನು, ಅಂದರೆ ಅಪ್ಪನ ಅಕ್ಕನನ್ನು, ಹತ್ತಿಸಿಕೊಂಡೆವು. ಆಕೆಯನ್ನು ಬಿಟ್ಟು ಚಿಂಚೋಳಿ ತಾಲೂಕಿನಲ್ಲಿ ಯಾವ ವಸ್ತುವನ್ನೂ ನೋಡಲು ಬರುವುದಿಲ್ಲ.

ತೊಗರಿ ಹೂವಿಗೆ ಬಂದಿತ್ತು. ಎರಡೂ ಕಡೆ ಹಳದಿ. ನನ್ನ ಎದೆ ಎಷ್ಟು ಜೋರಾಗಿ ಬಡಿದುಕೊಳ್ಳುತ್ತಿತ್ತೆಂದರೆ ಪಕ್ಕದಲ್ಲಿದ್ದ ಅವ್ವನಿಗೆ ಕೇಳಿಸೀತೆಂದು ದುಪಟ್ಟಾ ಎಳೆದುಕೊಂಡೆ.

ದಂಡೆಯಲ್ಲಿ ಬೇವಿನ ಮರದ ಕೆಳಗೆ ಎರಡೂ ಇದ್ದವು. ಹಿರಿಯರು ಕುರ್ಚಿ ಹಾಕಿಸಿದ್ದರು. "ಬರ್ರಿ, ಬರ್ರಿ. ಮೊದಲು ಕುಂದ್ರಿ, ಚಾ ಕುಡೀರಿ. ಅವು ಎಲ್ಲೂ ಓಡಿ ಹೋಗಂಗಿಲ್ಲ."

ನಾನು ಕೂಡಲಿಲ್ಲ. ಫೋಟೋದಲ್ಲಿ ಕಾಣದ್ದೆಲ್ಲ ಈಗ ಕಾಣುತ್ತಿತ್ತು: ಹಗ್ಗ ಉಜ್ಜಿ ಮಾಸಿದ ಜಾಗ, ಹದಿನಾಲ್ಕರ ಅಂಚಿನ ಮೇಲೆ ತಿಳಿನೀಲಿ ಪಟ್ಟಿ, ಕಂಬದ ತುದಿಗೆ ಬಿಗಿದ ಬಿಳಿ ಡಬ್ಬಿ. ದೋಣಿ ಬಿದ್ದಾಗ ಕಂಬ ಮುಳುಗಿ ಪೂರಾ ತಲೆಕೆಳಗಾಗದಂತೆ ತೇಲಿಸಿ ಹಿಡಿಯುವುದು ಆ ಡಬ್ಬಿ. ಹದಿನಾರರದಕ್ಕೆ ಕೆಳಗೆ ನೀರಿಗಿಳಿಯುವ ಎರಡು ಹಲಗೆ ಇದ್ದವು. ಹಲಗೆ ಇದ್ದರೆ ದೋಣಿ ಗಾಳಿಗೆ ಎದುರಾಗಿ ಚೆನ್ನಾಗಿ ಹೋಗುತ್ತದೆ. ಆದರೆ ಈ ಜಲಾಶಯದಲ್ಲಿ ಬೇಸಿಗೆಗೆ ನೀರು ಇಳಿದಾಗ ಹಳೆಯ ಮರಗಳ ಬುಡ ಮೇಲೆ ಬರುತ್ತವೆ, ಹಲಗೆ ಅವಕ್ಕೆ ಬಡಿಯುತ್ತದೆ. ಹದಿನಾಲ್ಕಕ್ಕೆ ಹಲಗೆ ಇಲ್ಲ. ದಂಡೆಗೆ ನೇರ ಏರಿಬಿಡಬಹುದು.

"ನೊಗಕ್ಕ ಹೂಡಿದ ಎತ್ತಿನ ಜೋಡಿ ಇದ್ದಂಗ ಅದಲ್ಲ," ಅಂದಳು ಅತ್ತಿ. "ಬಾಲ ಒಂದೇ ಇಲ್ಲ." ಸ್ವಲ್ಪ ಹೊತ್ತು ಸುತ್ತು ಬಂದು, "ತಂಗಿ, ನಿಂಗ ಗಂಡು ನೋಡಲಿಕ್ಕೂ ಇಷ್ಟು ಖುಷಿಲೆ ಬಂದಿರಲಿಲ್ಲ ನೀ," ಎಂದು ನನ್ನನ್ನು ಚಿವುಟಿದಳು.

"ಆ ಗಂಡಿಗೆ ಹಾಯಿ ಇರಲಿಲ್ಲ ಅತ್ತಿ," ಅಂದೆ. ಅವ್ವ ಸೆರಗಿನಲ್ಲಿ ನಕ್ಕಳು.

ಅಪ್ಪ ಚಹಾ ಮುಗಿಸಿ ಎದ್ದು, ಬಾಗಿ, ಬೆರಳ ಗೆಣ್ಣಿನಿಂದ ದೋಣಿಯ ಮೈ ಬಡಿಯುತ್ತಾ ಹೋದ. ಫರಸಿ ಕೊಳ್ಳುವಾಗ ಹೀಗೇ ಮಾಡುತ್ತಾನೆ: ಗಟ್ಟಿ ಕಲ್ಲು ನಾದ ಕೊಡುತ್ತದೆ, ಒಳಗೆ ಬಿರುಕಿದ್ದರೆ ಸದ್ದು ಸಾಯುತ್ತದೆ. ಹದಿನಾಲ್ಕು ಉದ್ದಕ್ಕೂ ಟಣ್ ಟಣ್ ಎಂದಿತು. ಹದಿನಾರರ ಎಡಗಡೆ, ಮುಂದಿನ ಅಡ್ಡ ಕೊಳವೆಯ ಹತ್ತಿರ, ಅಂಗೈಯಷ್ಟು ಜಾಗದಲ್ಲಿ ಸದ್ದು ಸತ್ತಿತು. ಫೈಬರಿನ ಪದರ ಅಲ್ಲಿ ಒಳಗೊಳಗೇ ಬಿಟ್ಟುಕೊಂಡಿತ್ತು. ಹಿರಿಯರು ಎದ್ದು ಬಂದು ತಾವೂ ಬಡಿದರು. "ಹತ್ತು ವರ್ಷದಿಂದ ನನಗ ಗೊತ್ತಾಗಿಲ್ಲ ನೋಡ್ರಿ," ಅಂದರು.

"ಅದು ಏನಿಲ್ಲ ಬಿಡ್ರಿ, ತೇಪಿ ಹಾಕಿದ್ರ ಆಯ್ತು," ಅಂದ ಅಪ್ಪ.

ನಾನು ಅವನ ಮುಖ ನೋಡಿದೆ. ಇದೇ ಸದ್ದು ಫರಸಿಯಲ್ಲಿ ಬಂದಿದ್ದರೆ ಲಾರಿಯನ್ನೇ ವಾಪಸ್ ಕಳಿಸುವ ಮನುಷ್ಯ. ಆಗ ನನಗೆ ಅರ್ಥವಾಯಿತು: ಅಪ್ಪ ಹದಿನಾರನ್ನು ಮೊದಲೇ ಆರಿಸಿಬಿಟ್ಟಿದ್ದ. ಬಲೆಬಟ್ಟೆಯ ಅಗಲವನ್ನು ಕಣ್ಣಲ್ಲೇ ಅಳೆಯುತ್ತಾ, "ಇದರ ಮ್ಯಾಲೆ ನಾವು ನಾಕೂ ಮಂದಿ ಒಂದೇ ಸಲಕ್ಕ ಕುಂದರಬಹುದು," ಅಂದ. "ಸಣ್ಣದಾದ್ರ ಒಬ್ಬರು ದಂಡಿ ಮ್ಯಾಲೆ ನಿಂತು ನೋಡಬೇಕು. ಅದೆಂಥಾ ಚಂದ?"

"ಸಣ್ಣದೂ ಮೂರು ಮಂದಿನ್ನ ಹೊರ್ತದ ಅಪ್ಪಾ."

"ಹೊರ್ತದೋ ಇಲ್ಲೋ ನೋಡೋಣು ಬಾ," ಅಂದ. ಫರಸಿ ತಂದದ್ದು ಅದಕ್ಕೆ.

ಎರಡು ಅಡಿ ಬೈ ಎರಡು ಅಡಿಯ ಫರಸಿ, ಒಂದಕ್ಕೆ ಹತ್ತಿರ ಹತ್ತಿರ ಇಪ್ಪತ್ತೈದು ಕಿಲೋ. ಹೆಂಗಸರನ್ನು ಕೂಡಿಸಿ ಪರೀಕ್ಷೆ ಮಾಡುವುದು ಸರಿಯಲ್ಲವೆಂದು ಅಪ್ಪ ನಮ್ಮ ಬದಲಿಗೆ ಕಲ್ಲು ತಂದಿದ್ದ. ಅಂಗಳದಲ್ಲಿ ಅಳತೆ ಬರೆಯುವ ಸೀಮೆಸುಣ್ಣದಿಂದ ಪ್ರತಿಯೊಂದರ ಮೇಲೂ ಬರೆದಿದ್ದ: ಅವ್ವ ೧, ಅವ್ವ ೨, ಅರ್ಧ ಫರಸಿಯ ಮೇಲೆ ಅವ್ವ ೩. ಅಕ್ಕ ೧, ಅಕ್ಕ ೨, ಅಕ್ಕ ೩. ತನಗೂ ಮೂರು. ನನಗೆ ಎರಡು.

ಅತ್ತಿ ತನ್ನ ಮೂರನ್ನು ಎಣಿಸಿದಳು. "ಅವಳಿಗೆ ಎರಡೂವರಿ, ನನಗ ಮೂರು? ಯಾವ ತಕ್ಕಡ್ಯಾಗ ತೂಗಿದಿ ನನ್ನ?"

"ಕಣ್ಣಿಲೇ ತೂಗೀನಿ ಅಕ್ಕ. ಒಂದು ಫರಸಿ ಕಡಿಮಿನೇ ಹಿಡದೀನಿ."

ಅಪ್ಪನೂ ನಾನೂ ಹದಿನಾರನ್ನು ಮೊಣಕಾಲು ಮುಳುಗುವ ನೀರಿನಲ್ಲಿ ಹಗ್ಗದಿಂದ ಹಿಡಿದು ಫರಸಿ ಪೇರಿಸಿದೆವು. ಇಡೀ ಕುಟುಂಬ ಹತ್ತಿತು, ಅದು ಬೆರಳಗಲ ಮಾತ್ರ ಇಳಿಯಿತು. ಅಪ್ಪ ನನ್ನ ಕಡೆ ನೋಡಿದ. ಹದಿನಾಲ್ಕರ ಸರದಿ ಬಂತು. ನಾನು, ಅವ್ವ: ಆರಾಮ. ಅತ್ತಿಯನ್ನೂ ಇಟ್ಟಾಗ ಹಿಂಭಾಗ ತಗ್ಗಿತು, ಆದರೂ ತೇಲಿತು. ಅಪ್ಪನ ಮೊದಲ ಫರಸಿ ಎತ್ತುವಷ್ಟರಲ್ಲಿ ಸಣ್ಣದೊಂದು ಗಾಳಿ ಬಂದು ದೋಣಿ ಸ್ವಲ್ಪವೇ ವಾಲಿತು. ಎಲ್ಲಕ್ಕೂ ಮೇಲಿದ್ದ ಅಕ್ಕ ೩ ಜಾರಿತು. ಫರಸಿಯ ಕೊಯ್ದ ಅಂಚು ಎಂದರೆ ಕತ್ತಿ. ಅದು ಬಲೆಬಟ್ಟೆಯನ್ನು ಒಂದು ಗೇಣು ಸೀಳಿಕೊಂಡು ಕೆಳಗಿಳಿದು, ನೀರಿನಲ್ಲಿ ಓರೆಯಾಗಿ ಜಾರುತ್ತಾ ಆಳದ ಕಡೆ ಹೋಯಿತು.

ನೀರಿನ ಗುಳ್ಳೆ ನಿಂತ ಮೇಲೆ ಅತ್ತಿ ದಂಡೆಯಿಂದ ಹೇಳಿದಳು: "ಮುಳುಗಿಸಿದ್ರಲ್ಲ ನನ್ನ. ಸಮಾಧಾನ ಆಯ್ತಾ?"

ಜಗತ್ತಿನಲ್ಲಿ ದೋಣಿಯನ್ನು ಆರಿಸುವ ಯಾರೂ ಬಟ್ಟೆಯ ಮೇಲೆ ಕಲ್ಲಿನ ಹಲಗೆ ಪೇರಿಸಿ ನೋಡುವುದಿಲ್ಲ. ನಲವತ್ತು ವರ್ಷ ಫರಸಿಯನ್ನು ಅಂಚಿನ ಮೇಲೆ ನಿಲ್ಲಿಸಿಯೇ ಸಾಗಿಸಿದ ಅಪ್ಪನಿಗೆ, ಅದನ್ನು ಅಡ್ಡ ಮಲಗಿಸಿದರೆ ಜಾರುತ್ತದೆಂಬುದು ನೀರಿನ ಮೇಲೆ ಮರೆತೇ ಹೋಗಿತ್ತು. ಎಷ್ಟು ನಾಚಿಕೊಂಡನೆಂದರೆ ಹಿರಿಯರಿಗೆ ಮೂರು ಸಲ ಕೈ ಮುಗಿದ. ಅವರು ನಗುತ್ತಿದ್ದರು. ದೋಣಿಯನ್ನು ದಂಡೆಗೆ ಎಳೆದ ಮೇಲೆ ಅವ್ವ ಮಾತ್ರ ಹರಿದ ಜಾಗವನ್ನು ಬೆರಳಿನಿಂದ ಮುಟ್ಟಿ ನೋಡಿ, "ಟೆಂಪೊದಾಗ ದಬ್ಬಣ ಅದ ಏನು?" ಅಂದಳು.

ಚೀಲ ಹೊಲಿಯುವ ದೊಡ್ಡ ಸೂಜಿ ಟೆಂಪೊದಲ್ಲಿ ಯಾವಾಗಲೂ ಇರುತ್ತದೆ. ನೈಲಾನ್ ದಾರ ಹಿರಿಯರು ಕೊಟ್ಟರು. ಅವ್ವ ಬೇವಿನ ನೆರಳಿನಲ್ಲಿ ದೋಣಿಯ ಮೇಲೆಯೇ ಕಾಲು ಚಾಚಿ ಕೂತು, ಕೌದಿಗೆ ಹಾಕುವ ಒತ್ತು ಹೊಲಿಗೆಯಲ್ಲಿ ಆ ಗೇಣನ್ನು ಮುಚ್ಚಿದಳು. ದೋಣಿಯ ಮೇಲೆ ಆಕೆ ಮೊದಲ ಸಲ ಕೂತದ್ದು ಹಾಗೆ, ಒಣ ನೆಲದಲ್ಲಿ. ನಾನು ಅದನ್ನು ಗಮನಿಸಿದೆ.

ಊಟದ ಮೇಲೆ ನನ್ನ ಪರೀಕ್ಷೆ. ನಿಯಮವನ್ನು ಅಪ್ಪನಿಗೆ ವಿವರಿಸಿದೆ: ಯಾವುದನ್ನು ನಾನೊಬ್ಬಳೇ ಎಬ್ಬಿಸಬಲ್ಲೆನೋ ಅದು ನಮ್ಮದು. ಯಾವುದನ್ನೂ ಎಬ್ಬಿಸಲು ಆಗದಿದ್ದರೆ ದೊಡ್ಡದು ತೆಗೆದುಕೊಳ್ಳೋಣ, ಮತ್ತು ನಾನು ಎಂದೂ ಒಬ್ಬಳೇ ಹೋಗುವುದಿಲ್ಲ. ಅಪ್ಪ, "ಆಯ್ತು," ಅಂದ. ಬೇಗನೇ ಅಂದ.

ಲೈಫ್ ಜಾಕೆಟ್ ಬಿಗಿದುಕೊಂಡೆ. ಹಿರಿಯರು ಹುಟ್ಟು ಹಾಕುವ ದೋಣಿಯಲ್ಲಿ ಸ್ವಲ್ಪ ದೂರದಲ್ಲಿ ನಿಂತರು. ಮೊದಲು ಹದಿನಾರನ್ನು ಬೇಕೆಂದೇ ಮಗುಚಿ, ಕೆಳಗಿನದರ ಮೇಲೆ ನಿಂತು ಜೋತುಬಿದ್ದೆ. ಅದು ನನ್ನನ್ನು ಗಮನಿಸಲೇ ಇಲ್ಲ. ಗೋಡೆಗೆ ಒರಗಿದಂತಾಯಿತು. ನಂತರ ಹದಿನಾಲ್ಕು. ಮೂತಿಯನ್ನು ಗಾಳಿಗೆ ತಿರುಗಿಸಿದೆ, ಕೈ ನೇರ ಮಾಡಿದೆ, ಬೆನ್ನು ನೀರಿಗೆ ತಾಗುವಷ್ಟು ಹಿಂದೆ ಚೆಲ್ಲಿದೆ. ಕಂಬದ ತುದಿಯ ಡಬ್ಬಿ ನೀರಿನಿಂದ ಮೇಲೆದ್ದಿತು. ಒಂದು ಗೇಣು. ಒಂದೂವರೆ. ಅಲ್ಲೇ ನಡುಗುತ್ತಾ ನಿಂತು, ಮತ್ತೆ ಮೆಲ್ಲಗೆ ಮಲಗಿತು. ಏಳು ಸಲ ಮಾಡಿದೆ. ಏಳು ಸಲವೂ ಒಂದೂವರೆ ಗೇಣು.

ದಂಡೆಗೆ ಬಂದಾಗ ಅಂಗೈ ಕೆಂಪಾಗಿತ್ತು. ಕಣ್ಣೀರು ಬರುವಂತಿತ್ತು, ಆದರೆ ಮೈಯೆಲ್ಲ ಒದ್ದೆಯಾಗಿದ್ದರಿಂದ ಅದು ನನಗೊಬ್ಬಳಿಗೇ ಗೊತ್ತು.

"ಎಷ್ಟು ಕಡಿಮಿ ಬೀಳ್ಲಿಕತ್ತದ?" ಅಪ್ಪ ಕೇಳಿದ. ಅವನ ಧ್ವನಿಯಲ್ಲಿ ಗೆದ್ದ ಸಂತೋಷ ಇರಲಿಲ್ಲ. ಏಳನೆಯ ಸಲಕ್ಕೆ ಅವನು ತೊಡೆಯವರೆಗೆ ನೀರಿಗಿಳಿದಿದ್ದನ್ನು ನೋಡಿದ್ದೆ.

"ಹನ್ನೆರಡು, ಹದಿನೈದು ಕಿಲೋ."

ಅವನು ಟೆಂಪೊ ಕಡೆ ನೋಡಿದ. "ಒಂದು ಬೈ ಎರಡರ ಫರಸಿ. ಬೆನ್ನಿಗೆ ಕಟ್ಟಿಕೋ. ಬರೋಬ್ಬರಿ ಹನ್ನೆರಡು ಆಗ್ತದ."

"ಹೌದಪ್ಪಾ ಹೌದು," ಅಂದಳು ಅತ್ತಿ. "ಮುಂಜಾನಿ ನನ್ನ ಮುಳುಗಿಸಿದಿ, ಈಗ ಮಗಳಿಗೂ ಕಲ್ಲು ಕಟ್ಟು."

ಅವ್ವ ಹತ್ತಿರ ಬಂದಳು. ದಬ್ಬಣ ಇನ್ನೂ ಸೆರಗಿನ ತುದಿಗೆ ಚುಚ್ಚಿಕೊಂಡೇ ಇತ್ತು. "ನೀರಾಗ ನಿಂತು ತೂಕ ಸಾಲವಲ್ದು ಅಂತೀಯಲ್ಲ," ಅಂದಳು. "ನೀರೇ ಭಾಳ ತೂಕ ಅದ. ನಾ ಹನ್ನೆರಡು ವರ್ಷದಾಕಿ ಇದ್ದಾಗಿಂದ ಹೊತ್ತೀನಿ. ಒಂದು ಕೊಡ ಅಂದ್ರ ಹದಿನೈದು ಕಿಲೋ, ನನ್ನ ಕುತ್ತಿಗಿಗೆ ಗೊತ್ತು."

ಭೌತಶಾಸ್ತ್ರವನ್ನು ನಾನು ಆರು ವರ್ಷ ಓದಿದ್ದೇನೆ. ನೀರಿನೊಳಗೆ ನೀರಿಗೆ ತೂಕವಿಲ್ಲ, ಮೇಲೆತ್ತಿದ ಕ್ಷಣ ತೂಕ ಬರುತ್ತದೆ. ನಾನು ಬಿದ್ದರೆ ಅದು ಕಲ್ಲಿನಂತೆ ಕೆಳಗೆ ಎಳೆಯುವುದಿಲ್ಲ, ಸುಮ್ಮನೆ ಕರಗಿಹೋಗುತ್ತದೆ. ಇದನ್ನು ನಾನು ಹೇಳಬೇಕಿತ್ತು. ಮಗುಚಿದ ದೋಣಿ ಎಬ್ಬಿಸಲೆಂದೇ, ನೀರು ತುಂಬಿ ಹೆಗಲಿಗೆ ಹಾಕಿಕೊಳ್ಳುವ ಚೀಲಗಳನ್ನು ದೋಣಿಯವರಿಗಾಗಿ ಮಾರುತ್ತಾರೆಂದು ಆಮೇಲೆ ಓದಿ ತಿಳಿದೆ. ಆ ದಿನ ಗೊತ್ತಿದ್ದದ್ದು ಅವ್ವನ ಕುತ್ತಿಗೆಗೆ ಮಾತ್ರ.

ತಾಡಪತ್ರಿಯ ಒಂದು ಮೂಲೆ ಕತ್ತರಿಸಿದೆವು. ಅವ್ವ ಅದನ್ನು ಎರಡು ಪದರ ಮಡಚಿ, ಎರಡು ಬದಿ ಹೊಲಿದು, ಟೆಂಪೊದ ಹಳೆಯ ಪಟ್ಟಿಯಿಂದ ಹೆಗಲಿಗೆ ಹಾಕುವ ಹಿಡಿಕೆ ಮಾಡಿದಳು. ನಾನು ಪಕ್ಕದಲ್ಲಿ ಕೂತು ದಾರ ಪೋಣಿಸಿ ಕೊಡುತ್ತಿದ್ದೆ. ಅವ್ವ ತಲೆ ಎತ್ತದೆ, ಮೆಲ್ಲಗೆ ಕೇಳಿದಳು: "ಒಬ್ಬಾಕಿ ಹೋಗಿ ಅಲ್ಲಿ ಏನು ಮಾಡ್ತಿ?"

"ಏನೂ ಇಲ್ಲವ್ವಾ. ಸುಮ್ಮನೆ ಕುಂದರ್ತೀನಿ."

ಅವ್ವ ದಾರ ಕಚ್ಚಿ ಹರಿದಳು. "ನೀರು ತರೋ ಹೊತ್ತಿನ್ಯಾಗ ನಾನೂ ಹಂಗೇ ಇರ್ತಿದ್ದೆ. ಹೋಗೋ ಮುಂದ ಖಾಲಿ ಕೊಡ, ಬಾಜೂಕ ಯಾರೂ ಇಲ್ಲ. ಭಾಳ ಚಲೋ ಅನ್ನಸ್ತಿತ್ತು." ಅಷ್ಟು ಹೇಳಿ ಚೀಲವನ್ನು ನನ್ನ ಮಡಿಲಿಗೆ ಹಾಕಿದಳು.

ಬಿಸಿಲು ಇಳಿಯುತ್ತಿತ್ತು. ಮತ್ತೆ ಹದಿನಾಲ್ಕನ್ನು ಮಗುಚಿದೆ. ಚೀಲವನ್ನು ನೀರಿನಲ್ಲಿ ಅದ್ದಿ ತುಂಬಿಸಿ, ಹಿಡಿಕೆಯನ್ನು ಒಂದು ಹೆಗಲಿಗೆ ಮಾತ್ರ ಹಾಕಿಕೊಂಡೆ, ಬೇಕಾದಾಗ ಜಾರಿಸಿಬಿಡಲು ಬರುವಂತೆ. ಹೊಲಿಗೆಯ ತೂತುಗಳಿಂದ ನೀರು ಸಣ್ಣಗೆ ಚಿಮ್ಮುತ್ತಿತ್ತು, ಆದ್ದರಿಂದ ತಡಮಾಡುವಂತಿರಲಿಲ್ಲ. ಹಗ್ಗ ಹಿಡಿದು ಹಿಂದಕ್ಕೆ ಚೆಲ್ಲಿದೆ. ಡಬ್ಬಿ ಎದ್ದಿತು. ಒಂದು ಗೇಣು, ಒಂದೂವರೆ. ಅಲ್ಲೇ ನಿಂತಿತು. ನಾನು ಉಸಿರು ಬಿಟ್ಟು ಇನ್ನೊಂದು ಚೂರು ಕೆಳಗಿಳಿದೆ. ಎರಡು ಗೇಣು. ಹಾಯಿಯೊಳಗಿನ ನೀರು ಸುರಿದುಹೋಗುವ ಸದ್ದು ಕೇಳಿಸಿತು, ಆ ಸಂದಿಯಲ್ಲಿ ಗಾಳಿ ನುಗ್ಗಿತು, ಮತ್ತು ಇಡೀ ಕಂಬ ಆಕಾಶದ ಕಡೆ ಎದ್ದುಬಂತು. ಮೇಲಿನ ದೋಣಿ ನನ್ನ ತಲೆಯ ಪಕ್ಕದಲ್ಲಿ ನೀರಿಗೆ ಬಡಿಯಿತು. ನಾನು ಅಡ್ಡ ಕೊಳವೆ ಹಿಡಿದು ತೇಲುತ್ತಾ ನಗುತ್ತಿದ್ದೆ. ಜೋರಾಗಿ ನಗುವುದು ನನ್ನ ಅಭ್ಯಾಸವಲ್ಲ. ನೀರಿನ ಮೇಲೆ ಆ ನಗು ಬಹಳ ದೂರ ಹೋಯಿತೆಂದು ಆಮೇಲೆ ಅತ್ತಿ ಹೇಳಿದಳು.

ಇನ್ನೂ ಎರಡು ಸಲ ಮಗುಚಿ ಎಬ್ಬಿಸಿದೆ. ಒಂದು ಸಲ ಆಗುವುದು ಆಕಸ್ಮಿಕವಿರಬಹುದು; ಪ್ರಯೋಗಾಲಯದಲ್ಲಿ ನಾವು ಮೂರು ಮಾದರಿ ನೋಡುತ್ತೇವೆ. ಅಪ್ಪನಿಗೆ ನ್ಯಾಯವಾಗಲೆಂದು ಚೀಲದೊಂದಿಗೆ ಹದಿನಾರನ್ನೂ ಪ್ರಯತ್ನಿಸಿದೆ. ಅದು ಒಂದು ಗೇಣು ಎದ್ದು ನನ್ನನ್ನು ಕೆಳಗೆ ಬಿಟ್ಟಿತು.

ದಂಡೆಗೆ ಬಂದಾಗ ಅಪ್ಪ ಅಲ್ಲಿರಲಿಲ್ಲ. ನನಗೆ ಗಾಬರಿಯಾಯಿತು, ಬೇಸರಪಟ್ಟುಕೊಂಡನೋ ಎಂದು. ಅವನು ಟೆಂಪೊದಿಂದ ಅಳತೆಯ ಟೇಪು ತರಲು ಹೋಗಿದ್ದ. ಬಂದವನೇ ಹದಿನಾಲ್ಕರ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಟೇಪು ಹಿಡಿದು, ಬಾಗಿ ಓದಿ, ಉಳಿದಿದ್ದ ಅಕ್ಕ ೨ ಫರಸಿಯ ಮೇಲೆ ಸೀಮೆಸುಣ್ಣದಿಂದ ಬರೆದುಕೊಂಡ: ಏಳು ಫೂಟು ಎಂಟು ಇಂಚು.

"ಇಲ್ಲಿ ಮಣ್ಣು ಮೆತ್ತಗ ಅದ," ಅಂದ. "ಒಬ್ಬಾಕಿ ಎಳಕೊಂಡು ಬರಬೇಕಂದ್ರ ಎರಡು ಸಾಲು ಫರಸಿ ಬೇಕಾಗ್ತದ, ನೀರಿನ ತನಕ. ಪಾಲಿಶ್ ಇಲ್ಲದ್ದು ಹಾಕಸ್ತೀನಿ, ಜಾರಬಾರದು." ಫರಸಿಯ ಅಂಚು ಮುಟ್ಟಿ ನೋಡಿ, "ಅಂಚು ಉಜ್ಜಸ್ತೀನಿ," ಎಂದೂ ಸೇರಿಸಿದ.

"ನಾಕೂ ಮಂದಿ ಕೂಡಿ ಕುಂದರೋದು ಆಗಂಗಿಲ್ಲಲ್ಲ ಅಪ್ಪಾ."

"ಪಾಳಿ ಹಚ್ಚಿದ್ರ ಆಯ್ತು. ನಿಮ್ಮ ಅತ್ತಿಗೆ ಕಡೀ ಪಾಳಿ."

"ನನಗ ಬೇಕಾಗಿಲ್ಲಪ್ಪಾ," ಅಂದಳು ಅತ್ತಿ. "ನಾ ಆಗಲೇ ತಳ ನೋಡಿ ಬಂದೀನಿ."

ಹಿರಿಯರಿಗೆ ಹದಿನಾಲ್ಕು ಎಂದು ಹೇಳಿದೆ. ಅವರು ತಲೆಯಾಡಿಸಿ, ನೀರಾವರಿ ಕಚೇರಿಯ ಪರವಾನಗಿ ಪತ್ರವನ್ನು ನನ್ನ ಹೆಸರಿಗೆ ಬರೆಸಿಕೊಡುವುದಾಗಿಯೂ, ಅಲ್ಲಿಯವರೆಗೆ ತಾವು ದಂಡೆಯಲ್ಲಿರುವ ದಿನ ನಾನು ಹೋಗಬಹುದೆಂದೂ ಹೇಳಿದರು. ದೋಣಿ ಬೇವಿನ ಕೆಳಗೇ ಇರಲಿ ಅಂದರು. ಅದನ್ನು ಮರಕ್ಕೆ ಕಟ್ಟುವ ಗಂಟನ್ನು ನಾನು ಎರಡು ಸಲ ಬಿಚ್ಚಿ ಕಟ್ಟಿದೆ. ತಪ್ಪಾಗಿತ್ತೆಂದಲ್ಲ. ಆಮೇಲೆ ಕೊಡ್ಲಿಯಲ್ಲಿ ಅತ್ತಿಯ ಮನೆಗೆ ಹೋದೆವು.

ಮರುದಿನ ಬೆಳಿಗ್ಗೆ ಬಿಸಿಲು ಬೀಳುವ ಹೊತ್ತಿಗೆ ಅಪ್ಪ ನನ್ನನ್ನೂ ಅವ್ವನನ್ನೂ ದಂಡೆಗೆ ತಂದು ಬಿಟ್ಟ. ಹಿರಿಯರು ಆಗಲೇ ಕುರ್ಚಿಯಲ್ಲಿದ್ದರು. ನಾನು ಹಾಯಿ ಏರಿಸಿದೆ, ಚೀಲವನ್ನು ಕಂಬದ ಬುಡಕ್ಕೆ ಕಟ್ಟಿದೆ, ದೋಣಿಯನ್ನು ನೀರಿಗೆ ತಳ್ಳಿ ಹತ್ತಿಕೊಂಡೆ. ಬೇವಿನ ಮರ ಹೆಬ್ಬೆರಳಿನಷ್ಟು ಸಣ್ಣದಾಗುವವರೆಗೆ ಹೋದೆ. ಅಲ್ಲಿ ಹಾಯಿ ಸಡಿಲಬಿಟ್ಟು ಕೂತೆ. ಬಲೆಬಟ್ಟೆಯ ಮೇಲೆ ಅವ್ವನ ಹೊಲಿಗೆ ಅಂಗಾಲಿಗೆ ಒರಟಾಗಿ ತಾಗುತ್ತಿತ್ತು. ಯಾರೂ ಕರೆಯಲಿಲ್ಲ. ಗಡಿಯಾರ ನೋಡಿದೆ: ನಲವತ್ತು ನಿಮಿಷ ಆಗಿತ್ತು.

ತಿರುಗಿ ಬಂದಾಗ ಅವ್ವ ಹಿರಿಯರ ಲೈಫ್ ಜಾಕೆಟ್ಟನ್ನು ಸೀರೆಯ ಮೇಲೆ ಬಿಗಿದುಕೊಂಡು, ಚಪ್ಪಲಿಯನ್ನು ದಂಡೆಯಲ್ಲಿ ಜೋಡಿಸಿಟ್ಟು, ಪಾದ ದಾಟಿ ಮೊಣಕಾಲಿನವರೆಗಿನ ನೀರಿನಲ್ಲಿ ನಿಂತಿದ್ದಳು. ನಾನು ಇಳಿದು ದೋಣಿಯನ್ನು ಗಾಳಿಗೆ ತಿರುಗಿಸಿ ಹಿಡಿದೆ. ಅವ್ವ ನನ್ನ ಹೆಗಲ ಮೇಲೆ ಕೈಯೂರಿ ಹತ್ತಿ, ತಾನು ಹೊಲಿದ ಜಾಗದ ಪಕ್ಕದಲ್ಲಿ ಕೂತಳು. ನಾನು ಹಿಂದೆ ಹತ್ತಿ ಹಾಯಿಯ ಹಗ್ಗ ಎಳೆದುಕೊಂಡೆ.